ಟೈಮಿಂಗ್ ಮುಟ್ಟುವ ಮೊದಲು: ಹಳೆಯ ಸಿಂಗರ್ ಪ್ಯಾಚರ್ ರಿಪೇರಿಯ ಅನುಭವ

ಹಳೆಯ ಲೆದರ್ ಹೊಲಿಗೆ ಯಂತ್ರ ನಡು ನಡುವೆ ಹೊಲಿಗೆ ಬಿಡುತ್ತಿದೆ ಅಂದರೆ ಸಾಕು, ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಟೈಮಿಂಗ್ ಹೋಗಿದೆ." ಟೈಮಿಂಗ್ ಅಂದರೆ ಸೂಜಿಯೂ, ಕೆಳಗೆ ಅದರ ದಾರ ಹಿಡಿಯುವ ಶಟಲ್ ಅನ್ನುವ ಭಾಗವೂ ಸರಿಯಾದ ಹೊತ್ತಿಗೆ ಒಂದೆಡೆ ಸೇರುವುದು. ನನ್ನ ಕೈಗೆ ಬಂದ ಸಿಂಗರ್ 29ಕೆ71 ಪ್ಯಾಚರ್ ಬಗ್ಗೆಯೂ ಅದನ್ನು ಕೊಟ್ಟವರು ಹೇಳಿದ್ದು ಅದನ್ನೇ. ಈಗ ಆ ಯಂತ್ರ ಚೆನ್ನಾಗಿ ಹೊಲಿಯುತ್ತಿದೆ. ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸಿದ್ದೇನೆ. ಆದರೆ ಟೈಮಿಂಗ್ ಅನ್ನು ಮಾತ್ರ ನಾನು ಬದಲಿಸಲೇ ಇಲ್ಲ, ಯಾಕೆಂದರೆ ಅದು ಎಲ್ಲಿಗೂ ಹೋಗಿರಲಿಲ್ಲ. ಬೇರೆ ಸೂಜಿ, ಒಣಗಿದ ಎಣ್ಣೆ, ಸವೆದ ಗೇರ್ ಹಲ್ಲು, ಸವೆದ ಲಿವರ್, ಇಷ್ಟೂ ಸೇರಿ ಟೈಮಿಂಗ್ ಹೋದ ಹಾಗೆ ಕಾಣಿಸುತ್ತಿತ್ತು. ಇಂಥ ಯಂತ್ರ ಇಟ್ಟುಕೊಂಡವರು, ತಗೊಳ್ಳಬೇಕು ಅಂತಿರುವವರು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನುವುದೇ ಮುಖ್ಯ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಪ್ಯಾಚರ್ ನೋಡದವರಿಗೆ ಎರಡು ಮಾತು. ಸಾಮಾನ್ಯ ಯಂತ್ರದಲ್ಲಿ ಕೆಳಗಿರುವ ಹಲ್ಲು ಬಟ್ಟೆಯನ್ನು ಮುಂದೆ ತಳ್ಳುತ್ತದೆ ಅಲ್ವಾ, ಪ್ಯಾಚರ್‌ನಲ್ಲಿ ಆ ಹಲ್ಲೇ ಇಲ್ಲ. ಮೇಲಿನ ಪಾದವೇ ಲೆದರನ್ನು ಒತ್ತಿ ಹಿಡಿದು ಸರಿಸುತ್ತದೆ, ಆಮೇಲೆ ಎದ್ದು ವಾಪಸ್ ಬರುತ್ತದೆ. ಆ ಪಾದವನ್ನು ಸುತ್ತಲೂ 360 ಡಿಗ್ರಿ ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಬಹುದು. ಲೆದರ್ ತಿರುಗಿಸಬೇಕಾಗಿಲ್ಲ, ಪಾದ ತಿರುಗಿಸಿದರೆ ಸಾಕು, ಹೊಲಿಗೆ ಆ ಕಡೆಗೆ ಹೋಗುತ್ತದೆ. ಕೆಳಗಿನ ತೋಳು ಉದ್ದ, ತುದಿ ಸಣ್ಣದು, ಹಾಗಾಗಿ ಶೂ ಒಳಗೆ, ಬ್ಯಾಗ್ ಮೂಲೆಯೊಳಗೆ ಅದು ನುಗ್ಗುತ್ತದೆ. ಈ ಕೆಲಸ ಮಾಡುವ ಯಂತ್ರಗಳು ಬಹಳ ಇಲ್ಲ. ನೂರು ವರ್ಷದ ಹಿಂದಿನ ವಿನ್ಯಾಸವನ್ನೇ ಇಂದಿಗೂ ನಕಲು ಮಾಡಿ ತಯಾರಿಸುತ್ತಿದ್ದಾರೆ ಅಂದರೆ ಅದು ಎಷ್ಟು ಸರಿಯಾಗಿತ್ತು ನೋಡಿ.

ಮಾಡೆಲ್ ನಂಬರಿನ ನಡುವೆ ಇರುವ "ಕೆ" ಅಂದರೆ ಕಿಲ್ಬೋವಿ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಸಿಂಗರ್ ಕಾರ್ಖಾನೆ. 1880ರ ದಶಕದಲ್ಲಿ ಶುರುವಾದ ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. "ಡಬ್ಲ್ಯು" ಇದ್ದರೆ ಅಮೆರಿಕದ ಬ್ರಿಜ್‌ಪೋರ್ಟ್‌ನದು, 111ಡಬ್ಲ್ಯು155 ಇದ್ದ ಹಾಗೆ. ಸೀರಿಯಲ್ ನಂಬರಿನ ಮುಂದೆ ಅಕ್ಷರ ಇದ್ದರೆ 1900ರಿಂದ ಈಚೆಗಿನ ಯಂತ್ರ, ಬರೀ ಅಂಕಿ ಇದ್ದರೆ ಅದಕ್ಕೂ ಹಿಂದಿನದು. ಇದು ಸುಮ್ನೆ ಖುಷಿಗೆ ತಿಳಿದುಕೊಳ್ಳುವ ವಿಷಯ ಅಲ್ಲ. ಬಿಡಿಭಾಗ ಹುಡುಕುವಾಗ 29ಕೆ ಅಂದರೆ ಸಾಲದು, ಯಾವ 29ಕೆ ಅಂತ ಪೂರ್ತಿ ನಂಬರ್ ಬೇಕಾಗುತ್ತದೆ. ಒಂದರ ಶಟಲ್ ಇನ್ನೊಂದಕ್ಕೆ ಕೂರದೇ ಇರಬಹುದು, ಬಾಬಿನ್ ಅಳತೆಯೂ ಬೇರೆ ಇರಬಹುದು.

ಯಂತ್ರ ಬಂದಾಗ ಚಕ್ರ ಅಲ್ಲಾಡುತ್ತಿರಲಿಲ್ಲ. ಕೈಯಲ್ಲಿ ಸ್ವಲ್ಪ ಒತ್ತಿದರೆ ಕೂದಲೆಳೆಯಷ್ಟು ಸರಿಯುತ್ತಿತ್ತು, ಅಲ್ಲಿಗೇ ನಿಲ್ಲುತ್ತಿತ್ತು. ಈ ಸ್ಥಿತಿಯಲ್ಲಿ ರಾಡ್ ಹಾಕಿ ತಿರುಗಿಸುವುದು, ಸುತ್ತಿಗೆಯಲ್ಲಿ ಬಡಿಯುವುದು ಬೇಡವೇ ಬೇಡ. ಬಾಡಿ ಬೀಡು ಕಬ್ಬಿಣದ್ದು. ಅದು ಬಗ್ಗುವುದಿಲ್ಲ, ಒಡೆಯುತ್ತದೆ. ಹೆಚ್ಚಿನ ಸಲ ಒಳಗೆ ತುಕ್ಕು ಹಿಡಿದಿರುವುದೇ ಇಲ್ಲ, ಹಳೆಯ ಎಣ್ಣೆ ಒಣಗಿ ವಾರ್ನಿಶ್ ಹಾಗೆ ಗಟ್ಟಿಯಾಗಿರುತ್ತದೆ. ಕಂದು ಬಣ್ಣದ ಗಟ್ಟಿ ಪದರ, ಉಗುರಲ್ಲಿ ಕೆರೆದರೂ ಬರುವುದಿಲ್ಲ. ಅದಕ್ಕೆ ಮದ್ದು ಬಲ ಅಲ್ಲ, ಸಮಯ.

ನಾನು ಮಾಡಿದ್ದು ಇಷ್ಟು. ಎಣ್ಣೆ ಬಿಡುವ ತೂತುಗಳನ್ನೆಲ್ಲ ಹುಡುಕಿದೆ. ಅರ್ಧಕ್ಕರ್ಧ ತೂತು ಕೊಳೆ ತುಂಬಿ, ಮೇಲೆ ಬಣ್ಣದ ಹಾಗೆ ಸಮ ಆಗಿಬಿಟ್ಟಿದ್ದವು, ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಗುಳಿ ಕಾಣುತ್ತಿತ್ತು. ಸಣ್ಣ ಉಕ್ಕಿನ ತಂತಿಯಲ್ಲಿ ಒಂದೊಂದನ್ನೂ ಬಿಡಿಸಿದೆ. ಆಮೇಲೆ ಎಲ್ಲದಕ್ಕೂ ಸೀಮೆಎಣ್ಣೆ ಬಿಟ್ಟೆ, ರಾತ್ರಿ ಹಾಗೇ ಬಿಟ್ಟೆ, ಬೆಳಿಗ್ಗೆ ಚಕ್ರವನ್ನು ಆ ಕಡೆ ಈ ಕಡೆ ಸ್ವಲ್ಪ ಆಡಿಸಿದೆ, ಮತ್ತೆ ಸೀಮೆಎಣ್ಣೆ. ಕೆಳಗಿಟ್ಟ ತಟ್ಟೆಗೆ ಕಂದು ನೀರು ಇಳಿಯಲು ಶುರುವಾದರೆ ಒಳಗೆ ಕರಗುತ್ತಿದೆ ಅಂತ ಅರ್ಥ. ಜಾಸ್ತಿ ಹಟ ಮಾಡುವ ಜಾಗಕ್ಕೆ ಹೇರ್ ಡ್ರೈಯರ್ ಬಿಸಿ ಸಾಕು, ಆದರೆ ಸೀಮೆಎಣ್ಣೆ ಪೂರ್ತಿ ಒರೆಸಿ, ಆರಿದ ಮೇಲೆ ಮಾತ್ರ. ಸೀಮೆಎಣ್ಣೆ ಇರುವ ಕಡೆ ಬಿಸಿ, ಕಿಡಿ ಎರಡೂ ಕೂಡದು, ಕಿಟಕಿ ತೆರೆದಿರಬೇಕು.

ಒಂದು ಕಡೆ ಮಾತ್ರ ಎಚ್ಚರ. ಮೇಲಿನ ಕಪ್ಪು ಬಣ್ಣ, ಚಿನ್ನದ ಅಕ್ಷರ ಇವುಗಳ ಮೇಲೆ ಸ್ಪಿರಿಟ್ ಹಾಕಬೇಡಿ. ಹಳೆಯ ಯಂತ್ರಗಳ ಮೇಲಿನ ಪಾರದರ್ಶಕ ಲೇಪ ಸಾಮಾನ್ಯವಾಗಿ ಅರಗಿನದು, ಅದು ಸ್ಪಿರಿಟ್‌ಗೆ ಕರಗುತ್ತದೆ. ಒರೆಸಿದ ಬಟ್ಟೆಯ ಮೇಲೆ ಬಂಗಾರ ಬಂದುಬಿಡುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಹೊರಗಡೆಗೆ ಬರೀ ಹೊಲಿಗೆ ಯಂತ್ರದ ಎಣ್ಣೆ, ಮೆತ್ತನೆಯ ಬಟ್ಟೆ, ತಾಳ್ಮೆ ಇಷ್ಟೇ ಸಾಕು. ಯಂತ್ರ ಹೊಸದರ ಹಾಗೆ ಹೊಳೆಯಬೇಕು ಅಂತ ಸ್ಯಾಂಡ್ ಬ್ಲಾಸ್ಟ್ ಮಾಡಿ ಸ್ಪ್ರೇ ಪೇಂಟ್ ಹೊಡೆಸುವವರನ್ನು ನೋಡಿದ್ದೇನೆ. ನನಗೆ ಅದು ಬಹಳ ಬೇಜಾರು ತರುವ ಕೆಲಸ. ಮರಳಿನ ಕಣ ಬುಷ್, ಅಂದರೆ ಶಾಫ್ಟ್ ತಿರುಗುವ ಕೊಳವೆಯ ಒಳಗೆ ಹೋದರೆ ಇನ್ನೂ ಐವತ್ತು ವರ್ಷ ಓಡಬೇಕಾದ್ದು ಒಂದೇ ವರ್ಷದಲ್ಲಿ ಸವೆಯುತ್ತದೆ.

ಚಕ್ರ ಪೂರ್ತಿ ಸುತ್ತು ತಿರುಗಿದ ಮೇಲೆ ಸೀಮೆಎಣ್ಣೆ ಒಳಗೇ ಬಿಡಬಾರದು. ಅದು ತೊಳೆಯುತ್ತದೆ, ಎಣ್ಣೆಯ ಕೆಲಸ ಮಾಡುವುದಿಲ್ಲ. ಡಬ್ಲ್ಯುಡಿ-40 ಸ್ಪ್ರೇ ಬಗ್ಗೆಯೂ ಇದೇ ಮಾತು. ಬಿಗಿ ಬಿಡಿಸಲು ಒಳ್ಳೆಯದು, ಓಡಿಸಲು ಅಲ್ಲ. ಬಣ್ಣವಿಲ್ಲದ ತೆಳು ಹೊಲಿಗೆ ಯಂತ್ರದ ಎಣ್ಣೆಯನ್ನು ಪ್ರತಿ ತೂತಿಗೂ ಬಿಟ್ಟು, ಕೆಳಗಿನಿಂದ ಅದು ಸ್ವಚ್ಛವಾಗಿ ಇಳಿಯುವ ತನಕ ತಿರುಗಿಸುತ್ತಲೇ ಇದ್ದೆ.

ಸ್ಕ್ರೂಗಳ ವಿಷಯಕ್ಕೆ ಬರೋಣ, ಯಾಕೆಂದರೆ ಹಳೆಯ ಯಂತ್ರಗಳು ಹಾಳಾಗುವುದು ಇಲ್ಲೇ. ಸಿಂಗರ್ ಸ್ಕ್ರೂಗಳ ಮರೆ, ಅಂದರೆ ಮೈಮೇಲಿನ ಸುರುಳಿ ಗೀರು, ಅವರದೇ ಲೆಕ್ಕದ್ದು. ಅಂಗಡಿಯಲ್ಲಿ ಸಿಗುವ ಮಿಲಿಮೀಟರ್ ಬೋಲ್ಟ್ ಹತ್ತಿರ ಹತ್ತಿರ ಕೂತ ಹಾಗೆ ಅನಿಸುತ್ತದೆ, ಬಿಗಿ ಮಾಡಿದರೆ ತೂತಿನ ಮರೆಯೇ ಹೋಗುತ್ತದೆ. ಹಾಗಾಗಿ ಒಂದು ಸ್ಕ್ರೂ ಕೂಡ ಕಳೆಯಬಾರದು, ತಲೆ ಕೆಡಬಾರದು. ಸ್ಕ್ರೂಡ್ರೈವರ್ ತುದಿಯನ್ನು ಗ್ರೈಂಡ್ ಮಾಡಿ, ಸ್ಕ್ರೂವಿನ ಗೀರಿಗೆ ಅಗಲದಲ್ಲೂ ದಪ್ಪದಲ್ಲೂ ಸರಿಯಾಗಿ ಕೂರುವಂತೆ ಮಾಡಿಕೊಂಡೆ. ಮಾಮೂಲಿ ಸ್ಕ್ರೂಡ್ರೈವರ್ ತುದಿ ಬೆಣೆಯ ಆಕಾರದಲ್ಲಿರುತ್ತದೆ, ಒತ್ತಿ ತಿರುಗಿಸಿದರೆ ಮೇಲಕ್ಕೆ ಜಾರುತ್ತದೆ, ತಲೆಯನ್ನು ಕಿತ್ತುಹಾಕುತ್ತದೆ. ತುದಿಯ ಎರಡೂ ಮುಖ ಸಮಾನಾಂತರ ಇದ್ದರೆ ಜಾರುವುದಿಲ್ಲ. ಬಿಚ್ಚುವ ಮೊದಲು ಒಮ್ಮೆ ಸ್ವಲ್ಪವೇ ಬಿಗಿ ಮಾಡುವ ಕಡೆಗೆ ಒತ್ತಿ, ಆಮೇಲೆ ಸಡಿಲಿಸಿದರೆ ಬಹಳ ಸ್ಕ್ರೂಗಳು ಟಕ್ ಅಂತ ಬಿಡುತ್ತವೆ. ಬಿಚ್ಚಿದ ಸ್ಕ್ರೂವನ್ನು ಸಾಧ್ಯವಾದಷ್ಟೂ ಅದೇ ತೂತಿಗೆ ಎರಡು ಸುತ್ತು ವಾಪಸ್ ಹಾಕಿ ಇಟ್ಟೆ, ಪ್ರತಿ ಹಂತಕ್ಕೂ ಫೋಟೋ ತೆಗೆದೆ.

ಪಿನ್‌ಗಳು ಇನ್ನೊಂದು. ಲಿವರ್, ಶಾಫ್ಟ್ ಸೇರುವ ಕಡೆ ಹಾಕಿರುವ ಕೆಲವು ಪಿನ್ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಸಣ್ಣ ಕಡೆಯಿಂದಲೇ ಹೊಡೆದು ತೆಗೆಯಬೇಕು. ಎರಡೂ ತುದಿ ಕ್ಯಾಲಿಪರ್‌ನಲ್ಲಿ ಅಳೆದು, ಯಾವುದು ಸಣ್ಣ ಅಂತ ಮಾರ್ಕರ್ ಗುರುತು ಹಾಕಿ, ಕೆಳಗೆ ಮರದ ಆಸರೆ ಕೊಟ್ಟ ಮೇಲೇ ಪಂಚ್ ಇಡಬೇಕು.

ಇಷ್ಟಾದ ಮೇಲೆ ಯಂತ್ರ ಹಗುರವಾಗಿ ತಿರುಗುತ್ತಿತ್ತು. ಹೊಲಿಗೆ ಮಾತ್ರ ಬೀಳುತ್ತಿರಲಿಲ್ಲ. ನಾಲ್ಕು ಬಿದ್ದರೆ ಎರಡು ಬಿಡುತ್ತಿತ್ತು.

ಇಲ್ಲಿಯೇ ಎಲ್ಲರೂ ಟೈಮಿಂಗ್ ಸ್ಕ್ರೂ ಕಡೆಗೆ ಕೈ ಹಾಕುವುದು. ನಾನು ಮೊದಲು ಸೂಜಿ ತೆಗೆದು ನೋಡಿದೆ. ಈ ಪ್ಯಾಚರ್‌ಗೆ ಬೇಕಾದ್ದು 29×3, ಇಲ್ಲವೇ 29×4. ಮೊದಲನೆಯದು ದುಂಡು ಮೊನೆ, ಬಟ್ಟೆ ಕ್ಯಾನ್ವಾಸ್‌ಗೆ. ಎರಡನೆಯದು ಲೆದರ್ ಮೊನೆ, ಕತ್ತರಿಸಿಕೊಂಡು ಹೋಗುತ್ತದೆ. ಇದರಲ್ಲಿ ಹಾಕಿದ್ದು ಬೇರೆ ಯಾವುದೋ ಯಂತ್ರದ ಸೂಜಿ. ಬುಡ ಸರಿಯಾಗಿ ಕೂತಿತ್ತು, ಉದ್ದ ಕಮ್ಮಿ. ಸೂಜಿಯ ಕಣ್ಣು ಎರಡು ಮಿಲಿಮೀಟರ್ ಮೇಲೆ ಇದ್ದರೆ ಶಟಲ್ ಮೊನೆ ಬರುವ ಹೊತ್ತಿಗೆ ಅಲ್ಲಿ ಅದು ಹಿಡಿಯಬೇಕಾದ ದಾರದ ಕುಣಿಕೆ ಇರುವುದೇ ಇಲ್ಲ. ಅಂದರೆ ಟೈಮಿಂಗ್ ಸರಿ ಇದೆ, ಸೂಜಿ ತಪ್ಪು. ಆ ತಪ್ಪು ಸೂಜಿಗೆ ತಕ್ಕ ಹಾಗೆ ಟೈಮಿಂಗ್ ಬದಲಿಸಿದರೆ ಮುಂದೆ ಸರಿಯಾದ ಸೂಜಿ ಹಾಕಿದವರ ಗತಿ ಏನು ಯೋಚನೆ ಮಾಡಿ. ಹಳೆಯ ಯಂತ್ರಗಳ ಅರ್ಧ ರೋಗ ಹೀಗೇ ಹುಟ್ಟಿರುವುದು.

ಕುಣಿಕೆ ಹೇಗೆ ಹುಟ್ಟುತ್ತದೆ ಅಂತ ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸೂಜಿ ಲೆದರ್ ತೂರಿ ಪೂರ್ತಿ ಕೆಳಗೆ ಹೋಗುತ್ತದೆ, ದಾರ ಎರಡೂ ಕಡೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆಮೇಲೆ ಸೂಜಿ ಸ್ವಲ್ಪ ಮೇಲೇಳುತ್ತದೆ, ಹೆಚ್ಚಿನ ಯಂತ್ರಗಳಲ್ಲಿ ಸುಮಾರು 2ರಿಂದ 2.5 ಮಿಲಿಮೀಟರ್. ಒಂದು ಕಡೆ ಉದ್ದ ಗೀರು ಇದೆ, ದಾರ ಅದರೊಳಗೆ ಅಡಗಿ ಸೂಜಿಯ ಜೊತೆ ಮೇಲೆ ಬರುತ್ತದೆ. ಇನ್ನೊಂದು ಕಡೆ ಗೀರು ಇಲ್ಲ, ಅಲ್ಲಿ ದಾರ ಲೆದರ್‌ಗೆ ಉಜ್ಜಿ ಹಿಂದೆ ಉಳಿಯುತ್ತದೆ, ಉಳಿದದ್ದು ಹೊರಗೆ ಉಬ್ಬುತ್ತದೆ. ಆ ಉಬ್ಬೇ ಕುಣಿಕೆ. ಸೂಜಿಯಲ್ಲಿ ಕಣ್ಣಿನ ಮೇಲೆ ಒಂದು ಗುಳಿ ಮಾಡಿರುತ್ತಾರೆ, ಶಟಲ್ ಅಥವಾ ಹುಕ್ ಮೊನೆ ಆ ಗುಳಿಯ ಜಾಗದಲ್ಲಿ, ಕಣ್ಣಿಗಿಂತ ಒಂದೂವರೆ ಮಿಲಿಮೀಟರ್ ಆಸುಪಾಸು ಮೇಲೆ, ಸೂಜಿಗೆ ತಾಗಿಯೂ ತಾಗದ ಹಾಗೆ ಹಾದು ಹೋಗಿ ಕುಣಿಕೆಯನ್ನು ಎತ್ತಿಕೊಳ್ಳಬೇಕು. ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ, ಪ್ಲೇಟ್ ತೆಗೆದು, ಕೆಳಗೆ ಬಿಳಿ ಕಾಗದ ಇಟ್ಟು, ಭೂತಗನ್ನಡಿಯಲ್ಲಿ ಇದನ್ನು ನೋಡಿ. ದಾರ ಬಲೂನಿನ ಹಾಗೆ ಉಬ್ಬಿ, ಶಟಲ್‌ನ ಹೊಳೆಯುವ ಮೊನೆ ಅದರೊಳಗೆ ತೂರುವುದು ಕಣ್ಣಿಗೆ ಬೀಳುತ್ತದೆ. ನನಗೆ ಇವತ್ತಿಗೂ ಅದನ್ನು ನೋಡುವುದು ಅಂದರೆ ಇಷ್ಟ.

ಸರಿಯಾದ 29×4 ಸೂಜಿ ಹಾಕಿದೆ. ಹೊಲಿಗೆ ಬಹಳ ಸುಧಾರಿಸಿತು. ಆದರೂ ಆಗೊಮ್ಮೆ ಈಗೊಮ್ಮೆ ಬಿಡುತ್ತಿತ್ತು, ಅದೂ ಲೆಕ್ಕವಿಲ್ಲದ ಹಾಗೆ. ಒಂದೇ ಥರ ಬಿಟ್ಟರೆ ಸೆಟ್ಟಿಂಗ್ ತಪ್ಪು, ಮನಸ್ಸು ಬಂದಾಗ ಬಿಟ್ಟರೆ ಎಲ್ಲೋ ಸಡಿಲ ಇದೆ ಅಂತ ನನ್ನ ನಂಬಿಕೆ.

ಸಡಿಲ ಹುಡುಕುವ ವಿಧಾನ ಸುಲಭ. ಚಕ್ರವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಶಟಲನ್ನು ಹಿಂದೆ ಮುಂದೆ ಆಡಿಸಬೇಕು. ಹೊಸ ಯಂತ್ರದಲ್ಲಿ ಅದು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು. ನನ್ನದರಲ್ಲಿ ಶಟಲ್ ಮೊನೆ ಆರಾಮವಾಗಿ ಮೂರು ಮಿಲಿಮೀಟರ್ ಹೋಗಿ ಬರುತ್ತಿತ್ತು. ಕುಣಿಕೆ ಇರುವುದೇ ಅಷ್ಟು ಅಗಲ! ಅಷ್ಟೇ ಆಟ ಶಟಲ್‌ನಲ್ಲಿ ಇದ್ದರೆ ಒಂದು ಸಲ ಸಿಕ್ಕುತ್ತದೆ, ಒಂದು ಸಲ ತಪ್ಪುತ್ತದೆ.

ಕಾರಣ ಕೆಳತೋಳಿನೊಳಗೆ ಇತ್ತು. 29ಕೆಯಲ್ಲಿ ಶಟಲ್ ಪೂರ್ತಿ ಸುತ್ತುವುದಿಲ್ಲ, ಅರೆಸುತ್ತು ಹೋಗಿ ವಾಪಸ್ ಬರುತ್ತದೆ. ತೋಳಿನ ಉದ್ದಕ್ಕೂ ಹಲ್ಲಿರುವ ಒಂದು ಪಟ್ಟಿ, ಅಂದರೆ ರ‍್ಯಾಕ್, ಹಿಂದೆ ಮುಂದೆ ಜಾರುತ್ತದೆ, ಅದು ಶಟಲ್ ಕೆಳಗಿನ ಸಣ್ಣ ಗೇರನ್ನು ತಿರುಗಿಸುತ್ತದೆ. ಎಲ್ಲ ಹಲ್ಲೂ ಪ್ರತಿ ಹೊಲಿಗೆಗೂ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಒತ್ತಿಸಿಕೊಳ್ಳುತ್ತವೆ, ಎರಡೂ ಮುಖ ಸವೆಯುತ್ತವೆ. ಬಿಚ್ಚಿದಾಗ ಹಲ್ಲಿನ ಬುಡದಲ್ಲಿ ಲೆದರ್ ಪುಡಿ, ದಾರದ ನಾರು, ಹಳೆಯ ಗ್ರೀಸ್ ಎಲ್ಲ ಸೇರಿ ಒತ್ತಾಗಿ ಕೂತಿತ್ತು, ಹಲ್ಲಿನ ಆಕಾರವೇ ಅದರಲ್ಲಿ ಅಚ್ಚಾಗಿತ್ತು. ಮರದ ಕಡ್ಡಿಯಿಂದ ಕೆತ್ತಿ ತೆಗೆದೆ. ತೆಗೆದ ಮೇಲೆ ಹಲ್ಲುಗಳು ಕಂಡವು. ತುದಿ ಚೂಪಾಗಿ, ನಡುವಿನ ಜಾಗ ಅಗಲವಾಗಿ ಹೋಗಿತ್ತು.

ರ‍್ಯಾಕ್ ಮತ್ತು ಗೇರ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಹೊಸ ಗೇರ್‌ಗೆ ಹಳೆಯ ರ‍್ಯಾಕ್ ಜೋಡಿಸಿದರೆ ಹೊಸದೂ ಬೇಗ ಅದರ ಥರವೇ ಆಗುತ್ತದೆ. ಹಳೆಯ ಜೋಡಿ ತೆಗೆಯುವ ಮೊದಲು ಯಾವ ಹಲ್ಲು ಯಾವ ಹಲ್ಲಿಗೆ ಕೂತಿದೆ ಅಂತ ಗೀಚಿ ಗುರುತು ಮಾಡಿಕೊಂಡೆ, ಸೂಜಿ ಪೂರ್ತಿ ಕೆಳಗಿರುವಾಗ ಶಟಲ್ ಎಲ್ಲಿದೆ ಅಂತ ಫೋಟೋ ತೆಗೆದುಕೊಂಡೆ. ಒಂದು ಹಲ್ಲು ಆಚೀಚೆ ಆದರೆ ಆಗ ನಿಜವಾಗಿಯೂ ಟೈಮಿಂಗ್ ಹೋಗುತ್ತದೆ. ಹೊಸ ಬಿಡಿಭಾಗಗಳು ಸಿಗುತ್ತವೆ, ಆದರೆ ನಕಲು ಭಾಗಗಳ ಅಂಚು ಒರಟಾಗಿರುತ್ತದೆ. ಸಣ್ಣ ಎಣ್ಣೆಕಲ್ಲಿನಲ್ಲಿ ಹಲ್ಲಿನ ಅಂಚಿನ ಸಿಬಿರು ತೆಗೆದು, ತೊಳೆದು, ಜೋಡಿಸಿ, ಕೈಯಲ್ಲೇ ಬಹಳ ಹೊತ್ತು ತಿರುಗಿಸಿದೆ. ಎಲ್ಲಿಯಾದರೂ ಬಿಗಿ ಸಿಕ್ಕರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಶಟಲ್‌ನ ಆಟ ಈಗ ಅರ್ಧ ಮಿಲಿಮೀಟರ್ ಕೂಡ ಇಲ್ಲ.

ಹೊಲಿಗೆ ಬಿಡುವುದು ನಿಂತಿತು. ಆಗ ಇನ್ನೊಂದು ತೊಂದರೆ ಎದ್ದು ಕಂಡಿತು: ಹೊಲಿಗೆ ತೀರಾ ಚಿಕ್ಕದು. ಉದ್ದದ ಸ್ಕ್ರೂವನ್ನು ತುದಿಗೆ ಒಯ್ದರೂ ಎರಡೂವರೆ ಮಿಲಿಮೀಟರ್ ದಾಟುತ್ತಿರಲಿಲ್ಲ. ಲೆದರ್‌ಗೆ ಅಷ್ಟು ಒತ್ತಾಗಿ ಹೊಲಿದರೆ ತೂತುಗಳ ಸಾಲಿನಲ್ಲೇ ಅದು ಹರಿದು ಬರುತ್ತದೆ, ಸ್ಟ್ಯಾಂಪ್ ಹಾಳೆಯ ಹಾಗೆ.

ಪ್ಯಾಚರ್ ತಗೊಳ್ಳುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದನ್ನೇ. ಪಾದ ಯಾವ ದಿಕ್ಕಿಗೆ ತಿರುಗಿದ್ದರೂ ಲೆದರ್ ಸರಿಸಬೇಕಲ್ಲ, ಅದಕ್ಕೆ ಹೆಡ್ ಒಳಗೆ ಸೂಜಿ ಬಾರ್ ಸುತ್ತ ಒಂದು ಉಂಗುರ ಮೇಲೆ ಕೆಳಗೆ ಹೋಗುತ್ತದೆ. ಪಾದದ ಜೊತೆ ತಿರುಗುವ ಒಂದು ಬಾಗಿದ ಲಿವರ್, ಬೆಲ್ ಕ್ರ್ಯಾಂಕ್ ಅಂತಾರೆ, ಅದರ ಒಂದು ತುದಿ ಆ ಉಂಗುರಕ್ಕೆ ಸಿಕ್ಕಿಕೊಂಡಿರುತ್ತದೆ. ಉಂಗುರ ಮೇಲೆ ಕೆಳಗೆ ಆಡಿದರೆ ಲಿವರ್‌ನ ಇನ್ನೊಂದು ತುದಿ ಪಾದವನ್ನು ಅಡ್ಡಕ್ಕೆ ತಳ್ಳುತ್ತದೆ. ಎಷ್ಟು ಚೆಂದದ ಯೋಚನೆ ನೋಡಿ, ಉಂಗುರಕ್ಕೆ ದಿಕ್ಕೇ ಇಲ್ಲ, ಹಾಗಾಗಿ ಪಾದಕ್ಕೆ ಎಲ್ಲ ದಿಕ್ಕೂ ಒಂದೇ. ಆದರೆ ಇಡೀ ಭಾರ ಬೀಳುವುದು ಆ ಸಣ್ಣ ತುದಿಯ ಮೇಲೆ. ಅದು ಸವೆದಷ್ಟೂ ಉಂಗುರದ ಚಲನೆಯಲ್ಲಿ ಒಂದಿಷ್ಟು ಸುಮ್ನೆ ಪೋಲಾಗುತ್ತದೆ, ಹೊಲಿಗೆ ಗಿಡ್ಡ ಆಗುತ್ತ ಹೋಗುತ್ತದೆ.

ನನ್ನ ಯಂತ್ರದ ಬೆಲ್ ಕ್ರ್ಯಾಂಕ್ ತುದಿಯ ಒಂದು ಮುಖದಲ್ಲಿ ಕಣ್ಣಿಗೆ ಕಾಣುವ ಚಪ್ಪಟೆ ಇತ್ತು, ಉಂಗುರದ ತೋಡಿನಲ್ಲೂ ಒಂದೇ ದಿಕ್ಕಿಗೆ ಹಳ್ಳ ಬಿದ್ದಿತ್ತು. ಒಂದೇ ದಿಕ್ಕಿಗೆ ಯಾಕೆ ಅಂದರೆ, ಎಲ್ಲ ದಿಕ್ಕಿಗೂ ಹೊಲಿಯುವ ಯಂತ್ರವಾದರೂ ಹಿಂದಿನವರು ಬಹುಪಾಲು ಒಂದೇ ಕಡೆಗೆ ಹೊಲಿದಿದ್ದಾರೆ. ಪಾದವನ್ನು ಕಾಲು ಸುತ್ತು ತಿರುಗಿಸಿ ಹೊಲಿದು ನೋಡಿದರೆ ಹೊಲಿಗೆ ಉದ್ದ ಸ್ವಲ್ಪ ಜಾಸ್ತಿ ಬಂತು! ಸವೆತ ಎಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ಬಿಚ್ಚುವ ಮೊದಲು ನೀವೂ ಈ ಪರೀಕ್ಷೆ ಮಾಡಿ.

ಎರಡು ದಾರಿ ಇದ್ದವು. ಹೊಸ ಲಿವರ್ ಹಾಕುವುದು, ಇಲ್ಲವೇ ಹಳೆಯದರ ತುದಿಗೆ ಲೋಹ ತುಂಬಿಸಿ ಅರದಿಂದ ಆಕಾರ ಕೊಡುವುದು. ನಾನು ಹಳೆಯದನ್ನೇ ಉಳಿಸಿಕೊಂಡೆ, ಅದರ ಮೂಲ ಲೋಹ ಚೆನ್ನಾಗಿತ್ತು, ಪಿನ್ ತೂತೂ ಸವೆದಿರಲಿಲ್ಲ. ಹಿತ್ತಾಳೆ ಬ್ರೇಜಿಂಗ್ ಮಾಡಿಸಿ, ಮನೆಗೆ ತಂದು, ಸಣ್ಣ ಅರದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ, ಉಂಗುರದ ತೋಡಿನಲ್ಲಿ ಕೂರಿಸಿ ನೋಡಿ, ತೆಗೆದು, ಮತ್ತೆ ಉಜ್ಜಿ. ಮಾರ್ಕರ್‌ನಿಂದ ತುದಿಗೆ ಮಸಿ ಬಳಿದು ಆಡಿಸಿದರೆ ಎಲ್ಲಿ ಉಜ್ಜುತ್ತಿದೆ ಅಲ್ಲಿ ಮಸಿ ಹೋಗುತ್ತದೆ, ಅಷ್ಟನ್ನೇ ತೆಗೆದರೆ ಆಯಿತು. ಅವಸರ ಮಾಡಿದರೆ ಹೋದ ಲೋಹ ವಾಪಸ್ ಬರುವುದಿಲ್ಲ. ಉಂಗುರದ ತೋಡಿಗೆ ಅಡ್ಡವಾಗಿ ಎದ್ದಿದ್ದ ಅಂಚನ್ನು ಎಣ್ಣೆಕಲ್ಲಿನಲ್ಲಿ ಸಮ ಮಾಡಿದೆ. ಪೂರ್ತಿ ಜೋಡಿಸಿದ ಮೇಲೆ ಹೊಲಿಗೆ ನಾಲ್ಕು ಮಿಲಿಮೀಟರ್ ತನಕ ಬಂತು, ಪಾದ ಯಾವ ಕಡೆ ತಿರುಗಿಸಿದರೂ ಅಷ್ಟೇ. ಹಿತ್ತಾಳೆ ಮೆತ್ತಗಿನದು, ಉಕ್ಕಿನಷ್ಟು ಬಾಳುವುದಿಲ್ಲ ಅಂತ ಗೊತ್ತಿದೆ. ಆದರೆ ಸವೆದರೆ ಅದು ಸವೆಯಲಿ, ಉಂಗುರ ಉಳಿಯಲಿ. ಉಂಗುರ ಬದಲಿಸುವುದಕ್ಕಿಂತ ಇದು ಎಷ್ಟೋ ಸುಲಭ.

ಪಾದದ ಒತ್ತಡದ ಬಗ್ಗೆ ಯಾರೂ ಅಷ್ಟಾಗಿ ಹೇಳುವುದಿಲ್ಲ. ದಪ್ಪ ಲೆದರ್ ಸೂಜಿಯನ್ನು ಹಿಡಿದುಕೊಳ್ಳುತ್ತದೆ. ಸೂಜಿ ಮೇಲೇಳುವಾಗ ಲೆದರೂ ಜೊತೆಗೇ ಎದ್ದರೆ ದಾರ ಹಿಂದೆ ಉಳಿಯುವುದಿಲ್ಲ, ಉಬ್ಬುವುದಿಲ್ಲ, ಕುಣಿಕೆ ಇಲ್ಲ, ಹೊಲಿಗೆ ಬಿಟ್ಟಿತು. ಮತ್ತೆ ಅದೇ ಮಾತು, "ಟೈಮಿಂಗ್ ಹೋಗಿದೆ." ಕಣ್ಣನ್ನು ಲೆದರ್ ಮಟ್ಟಕ್ಕೆ ಇಳಿಸಿ, ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಪಾದದ ಕೆಳಗೆ ಲೆದರ್ ಸ್ವಲ್ಪ ಎದ್ದರೂ ಒತ್ತಡ ಹೆಚ್ಚಿಸಬೇಕು. ಹಾಗಂತ ಪೂರ್ತಿ ಬಿಗಿ ಮಾಡಿದರೆ ಪಾದದ ಹಲ್ಲಿನ ಗುರುತು ಲೆದರ್ ಮೇಲೆ ಕೂರುತ್ತದೆ, ಅದರಲ್ಲೂ ತೊಗಟೆಯಲ್ಲಿ ಹದ ಮಾಡಿದ ಲೆದರ್ ಮೇಲೆ ಅಚ್ಚು ಒತ್ತಿದ ಹಾಗೆ. ನಾನು ಪಾದದ ಹಲ್ಲುಗಳ ಚೂಪನ್ನು ಮಾತ್ರ ಸ್ವಲ್ಪ ತೆಗೆದೆ, ಪೂರ್ತಿ ನುಣುಪು ಮಾಡಲಿಲ್ಲ. ಪೂರ್ತಿ ನುಣುಪಾದರೆ ಲೆದರ್ ಸರಿಸಲು ಹಿಡಿತವೇ ಇರುವುದಿಲ್ಲ.

ದಾರ ಹೋಗುವ ದಾರಿ ಬೇಗ ಹೇಳಿಬಿಡುತ್ತೇನೆ. ಟೆನ್ಶನ್ ಬಿಲ್ಲೆಗಳ ನಡುವೆ ಹಳೆಯ ದಾರದ ಮೇಣ ಅಂಟಿರುತ್ತದೆ, ಬಟ್ಟೆ ತೂರಿಸಿ ಒರೆಸಿ. ಗೈಡ್ ತೂತುಗಳಲ್ಲಿ ದಾರ ಕೊರೆದ ಗೀರು ಇದ್ದರೆ ತೆಳುವಾದ ಎಮರಿ ಪಟ್ಟಿಯಲ್ಲಿ ಪಾಲಿಶ್ ಮಾಡಿ, ಇಲ್ಲದಿದ್ದರೆ ನೈಲಾನ್ ದಾರ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಈ ಪ್ಯಾಚರ್‌ನಲ್ಲಿ ದಾರ ಹೆಡ್ ಒಳಗಿನಿಂದ ಇಳಿಯುತ್ತದೆ, ಅದನ್ನು ಎಳೆಯಲು ತುದಿಯಲ್ಲಿ ಕೊಕ್ಕೆ ಇರುವ ಉದ್ದ ತಂತಿ ಬೇಕು. ಮೂಲ ತಂತಿ ಯಂತ್ರದ ಜೊತೆ ಸಿಗುವುದು ಅಪರೂಪ, ಸಣ್ಣ ಉಕ್ಕಿನ ತಂತಿಯಲ್ಲಿ ಮಾಡಿಕೊಳ್ಳಬಹುದು.

ದಾರಕ್ಕೂ ಸೂಜಿಗೂ ಹೊಂದಿಕೆ ಇರಲೇಬೇಕು. ನಂಬರ್ ಹೆಚ್ಚಾದಷ್ಟೂ ದಾರವೂ ಸೂಜಿಯೂ ದಪ್ಪ. 69 ನಂಬರ್ ದಾರಕ್ಕೆ 18ರ ಸೂಜಿ, ಅಂದರೆ ಮೆಟ್ರಿಕ್ ಲೆಕ್ಕದಲ್ಲಿ 110. 92ಕ್ಕೆ 20, ಅಂದರೆ 125. 138ಕ್ಕೆ 22 ಅಥವಾ 23, ಅಂದರೆ 140 ಇಲ್ಲವೇ 160. ಗಟ್ಟಿ ಲೆದರ್ ಆದರೆ ಒಂದು ಸೈಜ್ ಮೇಲೆ ಹೋಗಬಹುದು. ಸೂಜಿ ಸಣ್ಣದಾದರೆ ಎರಡು ದಾರಗಳ ಗಂಟು ತೂತಿನೊಳಗೆ ಎಳೆದುಕೊಳ್ಳುವುದಿಲ್ಲ, ಕೆಳಗೇ ಉಳಿಯುತ್ತದೆ. ಜನ ಮೇಲಿನ ಟೆನ್ಶನ್ ಬಿಗಿ ಮಾಡುತ್ತ ಹೋಗುತ್ತಾರೆ, ಕೊನೆಗೆ ದಾರ ಹರಿಯುತ್ತದೆ. ಸೂಜಿ ಒಂದು ಸೈಜ್ ದೊಡ್ಡದು ಮಾಡಿದರೆ ಟೆನ್ಶನ್ ಮುಟ್ಟದೆಯೇ ಗಂಟು ಲೆದರ್‌ನ ನಡುವೆ ಬಂದು ಕೂರುತ್ತದೆ.

ಪ್ಯಾಚರ್‌ನಲ್ಲಿ ಕಲಿತದ್ದು ಬೇರೆ ಯಂತ್ರಗಳಿಗೂ ಹೊಂದುತ್ತದೆ, ಹುಡುಕುವ ಜಾಗ ಮಾತ್ರ ಬದಲಾಗುತ್ತದೆ. ನನ್ನ ಹತ್ತಿರ ಒಂದು 111ಡಬ್ಲ್ಯು155 ಕೂಡ ಇದೆ, ಸೂಜಿಯೂ ಪಾದವೂ ಹಲ್ಲೂ ಮೂರೂ ಸೇರಿ ಲೆದರ್ ಸರಿಸುವ ಯಂತ್ರ. ಅದರ ಲೆದರ್ ಸೂಜಿ 135×16, ಬಟ್ಟೆಗೆ 135×17. ಅದರಲ್ಲಿ ಮೇಲಿನ ಶಾಫ್ಟ್‌ಗೂ ಕೆಳಗಿನ ಶಾಫ್ಟ್‌ಗೂ ನಡುವೆ ಲೋಹದ ಕ್ಲಿಪ್ ಇರುವ ಬೆಲ್ಟ್ ಇದೆ. ಹುಕ್ ಕಡೆಗೆ ಸೇಫ್ಟಿ ಕ್ಲಚ್ ಇದೆ, ದಾರ ಸಿಕ್ಕಿಹಾಕಿಕೊಂಡರೆ ಹುಕ್ ಮುರಿಯದಿರಲಿ ಅಂತ ಅದು ಬಿಟ್ಟುಕೊಳ್ಳುತ್ತದೆ. ಚಕ್ರ ತಿರುಗುತ್ತದೆ, ಸೂಜಿ ಆಡುತ್ತದೆ, ಹುಕ್ ಮಾತ್ರ ನಿಂತಿರುತ್ತದೆ. ಇದನ್ನು ತಿಳಿಯದೆ ಹುಕ್‌ನ ಸ್ಕ್ರೂ ಬಿಚ್ಚಿದವರ ಯಂತ್ರಗಳು ಮೂಲೆ ಸೇರಿವೆ. ಸಿಕ್ಕಿರುವ ದಾರದ ಚೂರು ತೆಗೆದು, ಕ್ಲಚ್ಚನ್ನು ವಾಪಸ್ ಕೂರಿಸಿದರೆ ಮುಗಿಯಿತು.

ಮೋಟರ್ ಬಗ್ಗೆ ಇಷ್ಟು: ಹಳೆಯ ಕ್ಲಚ್ ಮೋಟರ್ ಲೆದರ್ ಕೆಲಸಕ್ಕೆ ತೀರಾ ವೇಗ. ವೇಗ ಹೆಚ್ಚು ಕಮ್ಮಿ ಮಾಡಬಹುದಾದ ಸರ್ವೋ ಮೋಟರ್ ಹಾಕಿ, ನಡುವೆ ಒಂದಕ್ಕೆ ಮೂರರ ಪುಲ್ಲಿ ಸೇರಿಸಿದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಸೂಜಿ ತೂರುವ ಬಲ ಹೆಚ್ಚು ಕಮ್ಮಿ ಮೂರು ಪಟ್ಟು ಆಗುತ್ತದೆ. 111ಕ್ಕೆ ಹಾಗೆ ಮಾಡಿದ್ದೇನೆ. ಪ್ಯಾಚರ್‌ಗೆ ಮೋಟರ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈಯಲ್ಲಿ ತಿರುಗಿಸಿದರೆ ಸೂಜಿ ಎಲ್ಲಿ ಬೀಳುತ್ತದೆ ಅಂತ ನೋಡಿ ನೋಡಿ ಹೊಲಿಯಬಹುದು, ಆ ಸಣ್ಣ ಗೇರ್, ಆ ಲಿವರ್ ತುದಿ ಎಲ್ಲಕ್ಕೂ ಆಯಸ್ಸು ಜಾಸ್ತಿ.

ಈಗ ದಿನವೂ ಕೆಲಸ ಶುರು ಮಾಡುವ ಮೊದಲು ಎಣ್ಣೆ ತೂತುಗಳಿಗೆ ಒಂದೊಂದು ಹನಿ ಬಿಡುತ್ತೇನೆ. ಬಿಟ್ಟ ತಕ್ಷಣ ಒಳ್ಳೆಯ ಲೆದರ್ ಇಡುವುದಿಲ್ಲ, ಚೂರು ಲೆದರ್ ಮೇಲೆ ಹೊಲಿದು, ಸೂಜಿ ಬಾರ್‌ನಿಂದ ಇಳಿಯುವ ಹನಿ ನಿಂತ ಮೇಲೇ ಕೆಲಸದ ತುಂಡು. ತಿಳಿ ಬಣ್ಣದ ಲೆದರ್ ಎಣ್ಣೆ ಕುಡಿದರೆ ಆ ಕಲೆ ಹೋಗುವುದಿಲ್ಲ. ಬಾಬಿನ್ ಬದಲಿಸುವಾಗಲೆಲ್ಲ ಶಟಲ್ ಜಾಗವನ್ನು ಬ್ರಷ್‌ನಲ್ಲಿ ಗುಡಿಸುತ್ತೇನೆ. ಗಾಳಿ ಊದುವುದಿಲ್ಲ, ಊದಿದರೆ ಪುಡಿ ರ‍್ಯಾಕ್ ಕಡೆಗೆ ಒಳಕ್ಕೆ ಹೋಗುತ್ತದೆ. ಬಾಬಿನ್ ಚಿಕ್ಕದು, ಹಾಗಾಗಿ ಕೆಳಗೆ 69 ದಾರ, ಮೇಲೆ 92 ಅಥವಾ 138. ಆಗಾಗ ಚಕ್ರ ಹಿಡಿದು ಶಟಲ್ ಆಡಿಸಿ ನೋಡುತ್ತೇನೆ, ಪಾದ ನಾಲ್ಕು ದಿಕ್ಕಿಗೂ ತಿರುಗಿಸಿ ಹತ್ತು ಹತ್ತು ಹೊಲಿಗೆ ಹಾಕಿ ಸ್ಕೇಲ್‌ನಲ್ಲಿ ಅಳೆದು ಯಂತ್ರದ ಡ್ರಾಯರ್‌ನಲ್ಲಿರುವ ಪುಸ್ತಕದಲ್ಲಿ ಬರೆದಿಡುತ್ತೇನೆ. ಅಳತೆ ಇಳಿಯುತ್ತ ಹೋದರೆ ಬೆಲ್ ಕ್ರ್ಯಾಂಕ್ ಮತ್ತೆ ಕೇಳುತ್ತಿದೆ ಅಂತ ಮೊದಲೇ ಗೊತ್ತಾಗುತ್ತದೆ.

ಇದರಲ್ಲಿ ಬೆಲ್ಟ್, ಕುದುರೆ ಜೀನು, ದಪ್ಪ ಹೋಲ್ಸ್ಟರ್ ಹೊಲಿಯಲು ಹೋಗಬೇಡಿ. ಅದಕ್ಕೆ 45ಕೆ ಥರದ ಭಾರಿ ಯಂತ್ರ ಬೇರೆಯೇ ಇದೆ, ಅದರ ಸೂಜಿ, ದಾರ, ಒತ್ತಡ ಎಲ್ಲ ಬೇರೆ ಲೆಕ್ಕ. ಪ್ಯಾಚರ್ ಹೆಸರೇ ಹೇಳುವ ಹಾಗೆ ತೇಪೆಗೆ, ಜಿಪ್ ಬದಲಿಸಲು, ಬ್ಯಾಗ್ ಹಿಡಿ ಹೊಲಿಯಲು, ಶೂ ಮೇಲ್ಭಾಗದ ಬಿಚ್ಚಿದ ಹೊಲಿಗೆ ಸರಿ ಮಾಡಲು. ಇಷ್ಟು ಕೆಲಸವನ್ನು ಬೇರೆ ಯಾವ ಯಂತ್ರವೂ ಇದರಷ್ಟು ಚೆನ್ನಾಗಿ ಮಾಡಿದ್ದು ನಾನು ನೋಡಿಲ್ಲ. ನನ್ನದರಲ್ಲಿ ಇನ್ನು ಉಳಿದಿರುವುದು ಚಕ್ರದ ಕಡೆಯ ಕ್ಯಾಮ್, ಅಂದರೆ ತಿರುಗುತ್ತ ಬೇರೆ ಭಾಗಗಳನ್ನು ಆಡಿಸುವ ತುಂಡು. ಅದರ ತೋಡಿನಲ್ಲಿ ಸ್ವಲ್ಪ ಸವೆತ ಇದೆ, ಸದ್ಯಕ್ಕೆ ಹೊಲಿಗೆಗೆ ತೊಂದರೆ ಇಲ್ಲ. ಅದರೊಳಗೆ ಆಡುವ ರೋಲರನ್ನು ಒಂಚೂರು ದಪ್ಪ ಮಾಡಿ ಲೇತ್‌ನಲ್ಲಿ ಕಡೆಸಿಕೊಂಡರೆ ಆ ಆಟವೂ ಹೋಗಬೇಕು, ಮುಂದಿನ ಸಲ ಹೆಡ್ ಬಿಚ್ಚಿದಾಗ ಅದನ್ನು ಮಾಡುತ್ತೇನೆ.